ಮರ ಹತ್ತುವವನಿಗೆ ಸಿಕ್ಕ ಕ್ಷಮೆ

ಅಕ್ಟೋಬರ್ ೯, ಬುಧವಾರ

ಪ್ರೀತಿಯ ವೆರ್ನನ್,

ನಿನ್ನ ಪತ್ರ ಶನಿವಾರ ತಂಗಿ ಗ್ಲೆಂಡಾಳ ಮನೆಗೆ ಬಂತು. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು, ಒಡೆಯುವ ಮೊದಲು ಹೋಗಿ ತಲೆ ಬಾಚಿಕೊಂಡು ಬಂದೆ. ನಗಬೇಡ. ನನ್ನನ್ನು ಇಲ್ಲಿ ಅವಳ ಮನೆಬಾಗಿಲಿಗೆ ಬಿಟ್ಟುಹೋದ ಮೇಲೆ ನೀನು ಬರೆದ ಮೊದಲ ಪತ್ರ ಅದು. ಒಡೆದು ನೋಡಿದರೆ ಒಳಗೆಲ್ಲ ನಿನ್ನ ಮರ ಹತ್ತುವ ಆಳು ರಾಯ್ಸ್. ರಾಯ್ಸ್‌ನನ್ನು ಚಟ ಬಿಡಿಸುವ ಚಿಕಿತ್ಸಾಲಯದಿಂದ ಬಿಡುತ್ತಾರೆ, ರಾಯ್ಸ್‌ಗೆ ಮನೆಯಿಲ್ಲ, ಹಳೆಯ ಗೆಳೆಯರ ಕೈಗೆ ಸಿಕ್ಕರೆ ಮತ್ತೆ ಮಾತ್ರೆ ನುಂಗಲು ಶುರುಮಾಡುತ್ತಾನೆ, ನಮ್ಮ ಹಿಂದಿನ ಕೋಣೆಯನ್ನು ಅವನಿಗೆ ಕೊಡೋಣವೇ, ಮನೆ ಇಬ್ಬರ ಹೆಸರಿನಲ್ಲಿರುವುದರಿಂದ ಕೇಳುತ್ತಿದ್ದೇನೆ ಎಂದು ಬರೆದಿದ್ದೀಯ. ಕೊನೆಗೆ ಜಾಗ ಉಳಿಯಿತೇನೋ, ನೀನೂ ಚೆನ್ನಾಗಿರಬಹುದು ಎಂದು ಒಂದು ಸಾಲು.

ರಾಯ್ಸ್ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಈಗಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿದ ಮೇಲೆ ನೀನು ನಂಬುವುದಿಲ್ಲ.

ಕುಡಿದು ಬಂದವರನ್ನು ಹಾಗೇ ಮನೆಗೆ ಕಳಿಸಲಾಗುವುದು ಎಂಬ ಹಲಗೆಯನ್ನು ಲಾರಿ ನಿಲ್ಲಿಸುವ ಅಂಗಳದಲ್ಲಿ ತೂಗುಹಾಕಿದವನು ನೀನು. ಹೋದ ವರ್ಷ ಜುಲೈನಲ್ಲಿ ಎಲ್ವುಡ್ ಊಟದ ಜೊತೆ ಒಂದು ಡಬ್ಬಿ ಬಿಯರ್ ಕುಡಿದ. ಇಡೀ ಬೆಳಿಗ್ಗೆ ಬಿಸಿಲಲ್ಲಿ ಕೊಂಬೆ ಎಳೆದು ಚೂರು ಮಾಡುವ ಯಂತ್ರಕ್ಕೆ ಹಾಕಿದ್ದ ಮನುಷ್ಯ. ಅವನನ್ನು ನೀನು ಅಲ್ಲಿಂದಲೇ ನಡೆಸಿ ಕಳಿಸಿದೆ. ಅವನ ಹೆಂಡತಿ ನನಗೆ ಫೋನ್ ಮಾಡಿ ಅತ್ತಳು. ನಾನು ನಿನ್ನ ಹತ್ತಿರ ಮಾತೆತ್ತಿದಾಗ ನೀನು ಬೂಟಿನ ದಾರ ಬಿಚ್ಚುತ್ತಾ ಹೇಳಿದ್ದು ನೆನಪಿದೆಯೇ? "ಕೊಂಬೆ ಎಳೆಯೋರು ಎಷ್ಟ್ ಬೇಕಾದ್ರೂ ಸಿಗ್ತಾರೆ, ನೋರೀನ್. ಮರ ಹತ್ತೋನು ಸಿಗಲ್ಲ."

ಅದೇ ವಾರ ರಾಯ್ಸ್ ಹೆಂಡದಂಗಡಿಯನ್ನೇ ಮೈಗೆ ಸುರಿದುಕೊಂಡವನ ಹಾಗೆ ನಾರುತ್ತಾ ಕೆಲಸಕ್ಕೆ ಬಂದ. ಅವನಿಗೆ ನೀನು ಕಾಫಿ ಕೊಟ್ಟು, ನಡುಕ ನಿಲ್ಲುವವರೆಗೆ ಲಾರಿಯಲ್ಲಿ ಕೂರಿಸಿ, ಆಮೇಲೆ ಹಗ್ಗ ಕಟ್ಟಿ ಮೇಲೆ ಕಳಿಸಿದೆ. ಒಂಚೂರು ಒಳಗಿದ್ದರೇ ಅವನ ಕೈ ನಿಲ್ಲುವುದು ಎಂದು ನನಗೇ ಪಾಠ ಹೇಳಿದೆ. ವಿಮೆಯವರು ವಿಚಾರಿಸಲು ಬಂದಾಗ ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದವನೂ ನೀನೇ. ಅವನ ಭುಜ ಉಳುಕಿ ಮಾತ್ರೆಯ ಚಟ ಹತ್ತಿದ ಮೇಲೆ, ಪಾಪ, ನೋವಿಗೆ ತಗೊಳ್ಳುತ್ತಾನೆ ಎಂದವನೂ ನೀನೇ. ಅವನಷ್ಟು ಚೆನ್ನಾಗಿ ಮರ ಹತ್ತುವವನು ಎರಡು ಜಿಲ್ಲೆಯಲ್ಲಿ ಇರಲಿಲ್ಲ. ಅವನನ್ನು ಕಳೆದುಕೊಂಡರೆ ದೊಡ್ಡ ಕೆಲಸಗಳೆಲ್ಲ ಕೈತಪ್ಪುತ್ತಿದ್ದವು. ಅಷ್ಟು ನನಗೂ ಅರ್ಥವಾಗುತ್ತಿತ್ತು.

ಚರ್ಚಿನ ಓಕ್ ಮರ ಕಡಿದ ದಿನ ನಾನು ಹೊಸ ಗರಗಸದ ಸರಪಳಿ ಕೊಡಲು ಬಂದಿದ್ದೆ. ಮರದ ಮೇಲೆ ರಾಯ್ಸ್ ಮಾತ್ರೆಯ ಮಂಪರಿನಲ್ಲಿ ತೂಕಡಿಸುತ್ತಾ ತನ್ನ ಹಗ್ಗವನ್ನೇ ಕೊಯ್ದುಕೊಂಡಿದ್ದ. ಎರಡನೆಯ ಹಗ್ಗವೊಂದೇ ಅವನನ್ನು ಹಿಡಿದಿತ್ತು. ಆ ಕೆಟ್ಟ ಮಂಡಿ ಇಟ್ಟುಕೊಂಡು ನೀನೇ ಹತ್ತಿದೆ. ಅವನನ್ನು ಮೈಗೆ ಕಟ್ಟಿಕೊಂಡು ಇಳಿಸಿದೆ. ಹುಲ್ಲಿನ ಮೇಲೆ ಮಲಗಿಸಿ, ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಹೇಳಿದೆ: "ಇಲ್ನೋಡು, ರಾಯ್ಸ್. ನಾನಿದೀನಿ. ಎಲ್ಲೂ ಹೋಗಲ್ಲ."

ನಾನು ಕಾರಿನಲ್ಲಿ ಕೂತು ನೋಡುತ್ತಿದ್ದೆ. ಒಬ್ಬ ಮನುಷ್ಯ ಬದುಕಿದ ಎಂದು ಸಂತೋಷಪಡಬೇಕಿತ್ತು. ಆದರೆ ನನ್ನ ಮುಖವನ್ನು ಇವನು ಹೀಗೆ ಯಾವತ್ತು ಹಿಡಿದಿದ್ದ ಎಂದು ಯೋಚಿಸುತ್ತಿದ್ದೆ. ಆಗ ನನ್ನ ಕಾಫಿ ಫ್ಲಾಸ್ಕಿನಲ್ಲಿ ಏನಿತ್ತು ಎಂಬುದು ಈಗ ನಿನಗೂ ಗೊತ್ತು.

ನನ್ನ ಬಾಟಲಿ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿದಾಗ ನೀನು ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕೆ ಊರೆಲ್ಲ ನಿನ್ನನ್ನು ದೊಡ್ಡ ಮನುಷ್ಯ ಎಂದಿತು. ಎರಡು ದಿನ ನೀನು ಮಾತಾಡದೆ ಇದ್ದೆ, ಆಮೇಲೆ ನನ್ನ ಬಟ್ಟೆ ತುಂಬಿದ ಪೆಟ್ಟಿಗೆಯನ್ನು ಲಾರಿಯಲ್ಲಿಟ್ಟೆ. ಗ್ಲೆಂಡಾಳ ಮನೆಯ ಮುಂದೆ ಎಂಜಿನ್ ಕೂಡ ಆರಿಸಲಿಲ್ಲ. "ಸರಿಹೋದ್ಮೇಲೆ ಫೋನ್ ಮಾಡು" ಎಂದೆ. ಆಮೇಲೆ, ಅಷ್ಟು ವರ್ಷ ನಾನು ಫೋನ್ ಎತ್ತುತ್ತಿದ್ದ ಕಚೇರಿಗೆ, ತಾನೇ ಉತ್ತರ ಹೇಳುವ ಫೋನ್ ತಂದಿಟ್ಟೆಯಂತೆ. ಸರಿಯೇ, ಫೋನ್ ಎತ್ತುವವರೂ ಎಷ್ಟು ಬೇಕಾದರೂ ಸಿಗುತ್ತಾರೆ. ಎಲ್ವುಡ್‌ಗೂ ನನಗೂ ಒಂದೇ ನ್ಯಾಯ ಮಾಡಿದೆ, ವೆರ್ನನ್. ರಾಯ್ಸ್‌ಗೆ ಮಾತ್ರ ಬೇರೆ.

ಏಪ್ರಿಲ್‌ನಿಂದ ನಾನು ಮುಟ್ಟಿಲ್ಲ. ಫೋನ್ ಮಾಡಲಿಲ್ಲ, ಏಕೆಂದರೆ ಕೆಲಸದಾಳು ಬಂದು ಹಾಜರಿ ಹೇಳಿದ ಹಾಗೆ ನಿನಗೆ ವರದಿ ಒಪ್ಪಿಸಲು ಮನಸ್ಸಾಗಲಿಲ್ಲ.

ಕುಡಿತ ಬಿಡುವವರ ನಮ್ಮ ಸಭೆ ನಡೆಯುವುದು ರಾಯ್ಸ್ ಇರುವ ಚಿಕಿತ್ಸಾಲಯದ ನೆಲಮಾಳಿಗೆಯಲ್ಲೇ. ನಿನಗೆ ಗೊತ್ತಿಲ್ಲ. ಭಾನುವಾರಗಳಂದು ನಿನ್ನ ಲಾರಿ ಅಲ್ಲಿ ನಿಂತಿರುವುದನ್ನು ನೋಡುತ್ತಿದ್ದೆ. ಒಂದು ಸಲ ಕಾರಿನಿಂದ ಇಳಿಯದೆ ಕೂತು ನಿಮ್ಮಿಬ್ಬರನ್ನೇ ನೋಡಿದೆ. ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಖಾರದ ಮಾಂಸ ತುಂಬಿದ ಪೆಪ್ಪರೋನಿ ಬನ್ನು ತಿನ್ನುತ್ತಿದ್ದಿರಿ. ಬನ್ನು ಸುತ್ತಿದ್ದು ಅಡುಗೆಮನೆಯ ನನ್ನ ನೀಲಿ ಚೌಕಳಿ ಬಟ್ಟೆಯಲ್ಲಿ. ಒಲೆ ಹಚ್ಚಲು ಬಾರದ ನೀನು ಅವನಿಗಾಗಿ ಹಿಟ್ಟು ನಾದಿದೆಯಾ? ಆ ದಿನ ಸಭೆಗೆ ಹೋಗದೆ ಮದ್ಯದಂಗಡಿಯವರೆಗೂ ಕಾರು ಓಡಿಸಿಕೊಂಡು ಹೋದೆ. ಒಳಗೆ ಹೋಗಲಿಲ್ಲ. ಗ್ಲೆಂಡಾಳಿಗೆ ಫೋನ್ ಮಾಡಿ, ಅವಳು ಬರುವವರೆಗೆ ಸ್ಟಿಯರಿಂಗ್ ಹಿಡಿದು ಕೂತಿದ್ದೆ.

ಮುಂದಿನ ವಾರ ಕಾಫಿ ಹಂಡೆಯ ಹತ್ತಿರ ರಾಯ್ಸ್ ಸಿಕ್ಕಿದ. "ಅಮ್ಮಾವ್ರೇ, ನೀವೂ ನಮ್ ಪಾರ್ಟಿನಾ?" ಎಂದು ನಕ್ಕ. ಮೈ ಇಳಿದುಹೋಗಿದೆ, ಕಣ್ಣು ಮಾತ್ರ ತಿಳಿಯಾಗಿದೆ. ಯಜಮಾನರು ತರುವ ಬನ್ನು ಕಲ್ಲಿನ ಹಾಗಿರುತ್ತದೆ, ಆದರೂ ನಿಮ್ಮ ಕೈ ನೋಡಿ ಕಲಿತದ್ದು ಅಂತ ಜಂಬ ಕೊಚ್ಚುತ್ತಾರೆ ಎಂದ. ನನ್ನ ಬಗ್ಗೆ ಏನಾದರೂ ಕೇಳುತ್ತಾರಾ ಎಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ. ಅವನು ಲೋಟಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾ ಹೇಳಿದ:

"ನಿಮ್ ಹೆಸರೆತ್ತಲ್ಲ. ಆದ್ರೆ ನೀನ್ ಹೆಂಗ್ ಬಿಟ್ಟೆ, ಯಾರ್ ಏನಂದ್ರೆ ಮನಸ್ಸಿಗೆ ನಾಟ್ತು, ಏನನ್ಬಾರ್ದು ಅಂತೆಲ್ಲ ಕೇಳ್ತಾರೆ. ಕೇಳಿದ್ದನ್ನೇ ಮತ್ತೆ ಕೇಳ್ತಾರೆ. ನನಗೋಸ್ಕರ ಕೇಳ್ತಿದಾರೆ ಅಂತ ನಂಗನ್ಸಲ್ಲ."

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಹೊಟ್ಟೆ ಇನ್ನೂ ಉರಿಯಿತು. ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಗಳೂ ಅವನಿಗೇ ಸಿಕ್ಕಿದವಲ್ಲ.

ನಿನಗೆ ಬೇಕಾದ ಉತ್ತರಕ್ಕೆ ಬರುತ್ತೇನೆ. ಅವನನ್ನು ಕೆಲಸಕ್ಕೆ ಮತ್ತೆ ಸೇರಿಸಿಕೋ, ಬೇಡ ಎನ್ನುವುದಿಲ್ಲ. ಆದರೆ ಇಷ್ಟು ಬೇಗ ಮರ ಹತ್ತಿಸಬೇಡ. ಕೆಳಗಿದ್ದು ಕೊಂಬೆ ಎಳೆಯಲಿ. ಎಲ್ವುಡ್‌ನನ್ನೂ ಹೋಗಿ ಕರೆ, ನೀನೇ ಹೋಗು. ಹಿಂದಿನ ಕೋಣೆಯನ್ನು ರಾಯ್ಸ್‌ಗೆ ಕೊಡಲು ನನ್ನ ಒಪ್ಪಿಗೆ ಇಲ್ಲ. ಕಾರಣ ದೊಡ್ಡದೇನಲ್ಲ. ನಾನು ಹೊರಗಿದ್ದು ಅವನು ಒಳಗಿರುವುದನ್ನು ಸಹಿಸಲಾರೆ, ಅಷ್ಟೆ.

ಇವತ್ತಿಗೂ ನಿನ್ನ ಹೆಂಡತಿ,
ನೋರೀನ್

ಮರೆತಿದ್ದೆ: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೀನು ಗಮನಿಸಿರಬೇಕು. ಇದನ್ನು ನಮ್ಮ ಅಡುಗೆಮನೆಯಲ್ಲೇ ಕೂತು ಬರೆದೆ. ಮಧ್ಯಾಹ್ನ ಗ್ಲೆಂಡಾ ತಂದು ಬಿಟ್ಟುಹೋದಳು. ನನ್ನ ಉತ್ತರಕ್ಕೂ ಕಾಯದೆ ಆ ಕೋಣೆಗೆ ಹೊಸ ಹಾಸಿಗೆ ಹಾಕಿಬಿಟ್ಟಿದ್ದೀಯ. ಅದನ್ನು ಎಳೆದುಕೊಂಡು ಹೋಗಿ ಕಚೇರಿಯ ಅಟ್ಟದಲ್ಲಿ ರಾಯ್ಸ್‌ಗೆ ಹಾಸಿ ಬಂದೆ. ಸೊಂಟ ಹಿಡಿದುಕೊಂಡಿದೆ. ಈಗ ನಿನ್ನ ಲಾರಿಯ ಸದ್ದು ಕೇಳಿಸುತ್ತಿದೆ, ಎದುರಿಗೆ ನಿಲ್ಲಲು ಧೈರ್ಯ ಸಾಲದು. ಹಿಂದಿನ ಕೋಣೆಯಲ್ಲಿದ್ದೇನೆ. ಓದಿಯಾದ ಮೇಲೆ ಬಾಗಿಲು ತಟ್ಟು. ಹೊರಗೆ ಹೋಗು ಎನ್ನುವುದಾದರೆ ಬಾಯಿಬಿಟ್ಟು ಹೇಳು, ಪೆಟ್ಟಿಗೆ ಮಾತ್ರ ಮುಟ್ಟಬೇಡ. ಬಟ್ಟೆಯೆಲ್ಲ ಆಗಲೇ ಕಪಾಟಿನಲ್ಲಿ ಜೋಡಿಸಿಟ್ಟಾಗಿದೆ.