ಒಂದು, ಮೂರು, ಎರಡು

ಮಾರ್ಚ್ 2, ಶನಿವಾರ, ಸಂಜೆ

ಮತ್ತೆ ನಡುಗುವ ಕ್ಯಾಮೆರಾ. ಸ್ವತಂತ್ರ ಸಿನಿಮಾ ಅಂತೆ. ಸ್ವಾತಂತ್ರ್ಯ ಎಂದರೆ ಸ್ಟ್ಯಾಂಡು ಕೊಳ್ಳದಿರುವುದು ಎಂದು ಇವರಿಗೆ ಯಾರು ಹೇಳಿಕೊಟ್ಟರೋ. ಒಬ್ಬ ಹುಡುಗಿ ಅಡುಗೆಮನೆಯಲ್ಲಿ ಅಳುತ್ತಾಳೆ, ನಾವು ಅವಳ ಕಿವಿಯ ಹಿಂಭಾಗ ನೋಡುತ್ತಾ ಕೂರುತ್ತೇವೆ. ಪೋಸ್ಟರಿನ ತುಂಬ ಎಲೆಗಳ ಹಾರ — ಯಾವ ಯಾವ ಚಿತ್ರೋತ್ಸವಕ್ಕೆ ಹೋಗಿ ಬಂತು ಎಂಬ ಸಾಕ್ಷಿ. ಮೂಗಿಗಿಂತ ಮೂಗುತಿ ಭಾರ.

ಗ್ರಂಥಾಲಯದ ಮಹಡಿಯ ಹಾಲ್ ಮುಕ್ಕಾಲು ಖಾಲಿ. ಫಿಲ್ಮ್ ಸೊಸೈಟಿಯ ಕಾರ್ಯದರ್ಶಿ ದಂತವೈದ್ಯ. ಚಿತ್ರ ಮುಗಿದ ಮೇಲೆ ಎದ್ದು ನಿಂತು, ಅರಿವಳಿಕೆ ಕೊಡದೆ, ಒಂದೊಂದೇ ಅರ್ಥ ಕಿತ್ತು ತೋರಿಸುತ್ತಾನೆ.

ಪಕ್ಕದ ಸೀಟಿನಲ್ಲಿ ಎಂದಿನಂತೆ ಸಿಸ್ಟರ್. ಸರಕಾರಿ ಆಸ್ಪತ್ರೆಯ ನಿವೃತ್ತ ನರ್ಸ್. ಗಂಡ ತೀರಿಕೊಂಡ ಮೇಲೆ ಸೊಸೈಟಿಗೆ ಸೇರಿದವರು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲು ಓದುವಷ್ಟರಲ್ಲಿ ಮಾಯವಾಗುತ್ತದೆ ಎಂಬುದು ಅವರ ದೂರು. ಅದಕ್ಕೇ ನಾನು ನಮ್ಮ ಭಾಷೆಯಲ್ಲಿ ಪಿಸುಗುಟ್ಟುತ್ತಾ ಹೋಗುತ್ತೇನೆ.

"ಏನಂತೆ ಅವಳದು?"

"ಬಾಡಿಗೆ ಮನೆ ಬಿಡಬೇಕಂತೆ."

"ಇಷ್ಟಕ್ಕೆ ಇಷ್ಟೊತ್ತು ಅತ್ತಳಾ? ನಮ್ಮ ವಾರ್ಡಲ್ಲಾಗಿದ್ರೆ ಒಂದು ಲೋಟ ಟೀ ಕುಡಿಸಿ ಎಬ್ಬಿಸ್ತಿದ್ದೆ."

ಹಿಂದಿನ ಸಾಲಿನಿಂದ ಶ್...

ಪತ್ರಿಕೆಯ ಎಡಿಟಿಂಗ್ ಡೆಸ್ಕು ಬಿಟ್ಟ ಮೇಲೆ ವಾರವಿಡೀ ನನ್ನ ಬಾಯಿಂದ ಹೊರಡುವ ಮಾತಿನಲ್ಲಿ ಬಹುಪಾಲು ಇದೇ — ಯಾರದೋ ಮಾತು, ಸಿಸ್ಟರ್ ಕಿವಿಗೆ.

ಮಾರ್ಚ್ 5, ಮಂಗಳವಾರ

ಅಕ್ಕನ ಫೋನು.

"ಏನೋ ಮಾಡ್ತಿದ್ದೀಯ?"

"ಓದ್ತಿದ್ದೆ."

"ಸುಳ್ಳು. ಯಾರಿಗೋ ಬೈಕೊಂಡು ಕೂತಿರ್ತೀಯ."

ನಿಜ. ಅವಳ ಸೊಸೆ ಸಿನಿಮಾಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾಳಂತೆ, ಸಮಯ ಉಳಿಸಲು. ಉಳಿದ ಸಮಯದಲ್ಲಿ ಇನ್ನೊಂದು ಸಿನಿಮಾ, ಅದೂ ಓಡಿಸಿಕೊಂಡು. ಒಬ್ಬ ಮುದುಕ ಮೆಟ್ಟಿಲು ಹತ್ತುವುದನ್ನು ಅವನ ಕಾಲಿನ ವೇಗದಲ್ಲೇ ನೋಡಲಾಗದವರು ನಾಳೆ ನನ್ನಂಥವನೊಡನೆ ಹೇಗೆ ನಡೆದಾರು? ಹೇಳಿದೆ. ಅಕ್ಕ ನಕ್ಕಳು.

"ನಿನ್ನ ಆ ನರ್ಸಮ್ಮ ಹೇಗಿದಾರೆ?"

"ನನ್ನವರಲ್ಲ. ಪಕ್ಕದ ಸೀಟಿನವರು."

"ಹೂಂ ಹೂಂ, ಸೀಟು. ನೋಡೋ, ಅವರ ಹತ್ರ ಆದ್ರೂ ನಾಲಿಗೆ ಹಿಡಿದಿಟ್ಕೋ. ನೆಂಟರೆಲ್ಲ ನಿನ್ನ ಮನೆಗೆ ಬರೋದು ಬಿಟ್ಟಿದ್ದು ದಾರಿ ದೂರ ಅಂತ ಅಲ್ಲ."

ಈ ಶನಿವಾರ ಸೊಸೈಟಿಯಲ್ಲಿ ಕಡಲ ದೀಪಸ್ತಂಭದ ಚಿತ್ರ! ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಗಡಿನ ಸೂರಿನ ಕೆಳಗೆ, ಗೋಡೆಗೆ ಒರಗಿ ನಿಂತು ನೋಡಿದ್ದು. ಚಳಿದೇಶದ ಕಪ್ಪು-ಬಿಳುಪು ಚಿತ್ರ. ಮೂರು ಭಾಗ. ಮೊದಲನೆಯದರಲ್ಲಿ ದೀಪ ಕಾಯುವವನಿಗೆ ಕೆಮ್ಮು; ದೋಣಿಯಲ್ಲಿ ಆಸ್ಪತ್ರೆಗೆ ಒಯ್ಯುತ್ತಾರೆ. ಎರಡನೆಯದರಲ್ಲಿ ಮನೆಗೆ ಬರುತ್ತಾನೆ, ಹೆಂಡತಿ ಅವನ ತಲೆಗೂದಲು ಕತ್ತರಿಸುತ್ತಾಳೆ. ಮೂರನೆಯದರಲ್ಲಿ ಸಾಯುತ್ತಾನೆ. ಅವಳು ಅವನ ಕೋಟು ತೊಟ್ಟು ಮೇಲೆ ಹತ್ತಿ ದೀಪ ಹಚ್ಚುತ್ತಾಳೆ. ಅಷ್ಟೆ. ಯಾರೂ ಯಾರಿಗೂ ಏನನ್ನೂ ವಿವರಿಸುವುದಿಲ್ಲ. ಈಗಿನವರಾಗಿದ್ದರೆ ಆ ಕೋಟಿನ ಹಿಂದೆಯೂ ಒಂದು ಪಿಟೀಲು ನುಡಿಸುತ್ತಿದ್ದರು.

ಮಾರ್ಚ್ 10, ಭಾನುವಾರ, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಸಿಟ್ಟಿಗೆ.

ಪೆನ್‌ಡ್ರೈವಿನಲ್ಲಿ ಮೂರು ಫೈಲು. ಹೆಸರೆಲ್ಲ ಆ ದೇಶದ ಲಿಪಿಯಲ್ಲಿ. ಆಪರೇಟರ್ ಒಂದನೆಯದು ಹಾಕಿದ, ಆಮೇಲೆ ಮೂರನೆಯದು, ಕೊನೆಗೆ ಎರಡನೆಯದು. ದೀಪದವ ಆಸ್ಪತ್ರೆಗೆ ಹೋದ, ಸತ್ತ. ಹೆಂಡತಿ ಕೋಟು ತೊಟ್ಟಳು. 'ಮುಗಿಯಿತು' ಎಂಬ ಫಲಕವೂ ಬಂತು, ಅದೇ ಲಿಪಿಯಲ್ಲಿ; ಓದಬಲ್ಲವರು ಯಾರಿದ್ದಾರೆ? ಯಾವುದೋ ಅಧ್ಯಾಯದ ಹೆಸರೆಂದು ಕೂತರು. ನಾನೂ ಇದು ಬೇರೆ ಪ್ರತಿ ಇರಬಹುದೆಂದು ಅನುಮಾನಿಸಿ ಕೂತೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಸತ್ತವನು ಒಳಗೆ ಬಂದ.

ಸಿಸ್ಟರ್ ನನ್ನ ತೋಳು ಹಿಡಿದರು. "ಬಂದ!"

ಹಿಡಿದ ಕೈ ಬಿಡಲಿಲ್ಲ. ಹೆಂಡತಿ ಅವನ ಕೊರಳಿಗೆ ಬಟ್ಟೆ ಸುತ್ತಿ ಕೂದಲು ಕತ್ತರಿಸಿದಳು. ಅವನು ಉದುರಿದ ಕೂದಲನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯಾಚೆ ಊದಿದ. ಪರದೆ ಕಪ್ಪಾಯಿತು. ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. "ಎಡಿಟರೇ, ಪಿಚ್ಚರ್ ಅಂದ್ರೆ ಹೀಗಿರಬೇಕು ನೋಡಿ" ಎಂದರು.

ಅಲ್ಲಿಗೆ ಎದ್ದು ಮನೆಗೆ ಬಂದಿದ್ದರೆ ಆಗಿತ್ತು. ದಂತವೈದ್ಯ ಎದ್ದು ನಿಂತ.

"ಕಾಲವನ್ನು ಮುರಿದು ಕಟ್ಟಿದ್ದಾನೆ ನಿರ್ದೇಶಕ! ಸಾವಿನ ನಂತರ ಮರಳುವಿಕೆ! ಆ ಕಾಲಕ್ಕೇ ಎಂಥ ಧೈರ್ಯ!"

ಚಪ್ಪಾಳೆ. ತಡೆಯಲಾಗಲಿಲ್ಲ.

"ಧೈರ್ಯ ನಿರ್ದೇಶಕನದಲ್ಲ ಡಾಕ್ಟ್ರೇ, ಆಪರೇಟರಿಂದು. ಎರಡು ಮೂರು ಅದಲುಬದಲಾಗಿದೆ. ಸತ್ತವನು ಸತ್ತ. ಯಾರೂ ವಾಪಸ್ ಬರಲ್ಲ."

ಆಪರೇಟರ್ ಕೆಮ್ಮಿದ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು, ಆಮೇಲೆ ಎಲ್ಲರೂ. ಎಷ್ಟು ದಿನವಾಗಿತ್ತು, ಹೀಗೊಂದು ಸಭೆ ನನ್ನ ಮಾತಿಗೆ ನಕ್ಕು... ಸುಖವಾಯಿತು. ಇನ್ನಷ್ಟು ಹೇಳಿದೆ. ಅಭಿರುಚಿಯ ಬಗ್ಗೆ, ವಿದೇಶಿ ಎಂದರೆ ಕಣ್ಣು ಮುಚ್ಚಿ ಕೈ ಮುಗಿಯುವವರ ಬಗ್ಗೆ. ಕೂತು ಪಕ್ಕಕ್ಕೆ ತಿರುಗಿದಾಗ ಸಿಸ್ಟರ್ ಚೀಲದ ಜಿಪ್ ಎಳೆಯುತ್ತಿದ್ದರು.

"ಬರ್ತೀನಿ ಸರ್."

ಸರ್!

ಮಾರ್ಚ್ 16, ಶನಿವಾರ

ನಾನು ಪಟ್ಟು ಹಿಡಿದಿದ್ದರಿಂದ ಇವತ್ತು ಮರುಪ್ರದರ್ಶನ, ಸರಿಯಾದ ಕ್ರಮದಲ್ಲಿ. ದಂತವೈದ್ಯ ಮುಖ ಊದಿಸಿಕೊಂಡು ಮೂಲೆಯಲ್ಲಿದ್ದ. ಗೆದ್ದೆ.

ಸಿಸ್ಟರ್ ಬರಲಿಲ್ಲ.

ಚಿತ್ರ ಹಳೆಯದಾಗಿಲ್ಲ. ಒಂದು ಚೌಕಟ್ಟೂ ಹೆಚ್ಚಲ್ಲ, ಕಡಿಮೆಯಲ್ಲ. ಕೋಟಿನ ದೃಶ್ಯದಲ್ಲಿ ಮುಂದಿನ ಸಾಲಿನವನು ತಿರುಗಿ ನೋಡಿದ. "ಯಾರ ಜೊತೆ ಸ್ವಾಮಿ ಮಾತು?"

ಖಾಲಿ ಸೀಟಿಗೆ ಪಿಸುಗುಟ್ಟುತ್ತಿದ್ದೆ.

ಮಾರ್ಚ್ 23, ಶನಿವಾರ

ಹೋದೆ. ಮೂರು ತಾಸಿನ ಪ್ರಶಸ್ತಿ ಚಿತ್ರ. ಬಡವರ ಗೋಡೆಯ ಬಣ್ಣ ಎಷ್ಟು ಚೆಂದ ಎಂದು ತೋರಿಸಿದ್ದಾರೆ. ಬೈದರೆ ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮಾರ್ಚ್ 30, ಶನಿವಾರ

ಹೋಗಲಿಲ್ಲ.

ಏಪ್ರಿಲ್ 4, ಗುರುವಾರ

ಔಷಧಿ ಅಂಗಡಿಯ ಸಾಲಿನಲ್ಲಿ ಸಿಸ್ಟರ್ ನನ್ನ ಮುಂದೆಯೇ. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ.

"ಬಿಪಿ ಮಾತ್ರೇನಾ? ಜಾಸ್ತಿ ಮಾಡಿದಾರಲ್ಲ" ಎಂದರು, ನನ್ನ ಚೀಟಿ ನೋಡಿ.

"ಸೊಸೈಟಿ ಕಡೆ ಕಾಣಲಿಲ್ಲ."

"ಮಂಡಿ ನೋವು. ಮಹಡಿ ಹತ್ತಕ್ಕಾಗಲ್ಲ."

"ಮೊನ್ನೆ ಬ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ರಿ, ನೋಡಿದೆ."

ಈ ನಾಲಿಗೆ! ಅಕ್ಕ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದಳು. ಸಿಸ್ಟರ್ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ, ರೋಗಿಗೆ ಹೇಳುವ ಹಾಗೆ ಹೇಳಿದರು.

"ಎಡಿಟರೇ, ಇಡೀ ಸರ್ವೀಸು ನಾನು ಸರಿಯಾದ ಕ್ರಮದಲ್ಲೇ ನೋಡಿದೀನಿ. ಬರ್ತಾರೆ, ಮಲಗ್ತಾರೆ, ಹೋಗ್ತಾರೆ. ನಮ್ಮ ಮನೆಯವರೂ ಅದೇ ಕ್ರಮದಲ್ಲೇ ಹೋಗಿದ್ದು. ಒಂದೇ ಒಂದು ದಿನ ತಪ್ಪಾಗಿ ನೋಡಿದೆ. ಅದನ್ನೂ ತಿದ್ದಿಬಿಟ್ರಿ."

"ತಪ್ಪನ್ನು ತಪ್ಪು ಅನ್ನಬಾರದಾ?"

"ಅನ್ನಿ. ನನಗೂ ಗೊತ್ತಿತ್ತಲ್ಲ. ಸತ್ತವರು ಬರಲ್ಲ ಅಂತ ನರ್ಸಿಗೆ ನೀವು ಹೇಳಿಕೊಡಬೇಕಾ? ಮನೆ ಸೇರೋ ತನಕ ಆದ್ರೂ ಇಟ್ಕೋತಿದ್ದೆ ಅದನ್ನ."

ಅಂಗಡಿಯವನು ಅವರನ್ನು ಕರೆದ. ಚಿಲ್ಲರೆ ತೆಗೆದುಕೊಂಡು ಹೊರಟರು. ನನ್ನ ಸರದಿ ಬಂದಾಗ ಯಾವ ಮಾತ್ರೆ ಎಂದು ನೆನಪಾಗಲಿಲ್ಲ. ಚೀಟಿ ಕೈಯಲ್ಲೇ ಇತ್ತು.

ಏಪ್ರಿಲ್ 6, ಶನಿವಾರ, ಮಧ್ಯಾಹ್ನ

ದಂತವೈದ್ಯನ ಕ್ಲಿನಿಕ್ಕಿಗೆ ಹೋದೆ. ಯಾರದೋ ಬಾಯೊಳಗೆ ಬೆರಳಿಟ್ಟುಕೊಂಡೇ ಮಾತಾಡಿಸಿದ.

"ಏನು ಸರ್, ಇನ್ನೇನು ತಪ್ಪು ಸಿಕ್ಕಿತು?"

"ದೀಪಸ್ತಂಭದ ಪೆನ್‌ಡ್ರೈವ್ ಬೇಕಿತ್ತು. ಎರಡು ದಿನಕ್ಕೆ."

"ಯಾಕೆ? ಸರಿಯಾಗಿದ್ದಿದ್ದು ನೋಡಿದ್ರಲ್ಲ."

"ಅವತ್ತಿನ ಹಾಗೆ ನೋಡಬೇಕು. ಒಂದು, ಮೂರು, ಎರಡು."

ರೋಗಿ ಕೂಡ ಕಣ್ಣು ಹೊರಳಿಸಿ ನನ್ನನ್ನು ನೋಡಿದ. ದಂತವೈದ್ಯ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಕೈಗವಸು ಕಳಚಿ, ಡ್ರಾಯರಿನಿಂದ ತೆಗೆದುಕೊಟ್ಟ. "ನನಗೂ ಅದೇ ಚೆನ್ನಾಗಿತ್ತು ಸರ್. ಹೇಳೋಕೆ ನಾಚಿಕೆ ಆಯ್ತು."

ಬೀದಿಗೆ ಬಂದು ಸಿಸ್ಟರಿಗೆ ಫೋನ್ ಮಾಡಿದೆ. ನಾಳೆ ನಾಲ್ಕಕ್ಕೆ, ನಮ್ಮ ಮನೆಯಲ್ಲಿ, ನೆಲಮಹಡಿ, ಮೆಟ್ಟಿಲಿಲ್ಲ. ಅವತ್ತಿನ ಕ್ರಮದಲ್ಲೇ ಹಾಕುತ್ತೇನೆ, ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದೆ.

"ಬಾಯಿ ಮುಚ್ಚಿದ್ರೆ ಓದಿ ಹೇಳೋರು ಯಾರು?" ಎಂದರು. ಫೋನಿಡುವ ಮುಂಚೆ — "ನೋಡೋಣ."

ಏಪ್ರಿಲ್ 7, ಭಾನುವಾರ

3.20 — ಎರಡನೆಯ ಕುರ್ಚಿಯ ಮೇಲಿನ ಪತ್ರಿಕೆಗಳನ್ನು ತೆಗೆದು ನೆಲಕ್ಕಿಟ್ಟೆ. ಕುರ್ಚಿಗೆ ಹಸಿರು ಬಣ್ಣ ಇದ್ದದ್ದೇ ಮರೆತಿತ್ತು.

3.45 — ನಿರ್ದೇಶಕ ಬದುಕಿದ್ದರೆ ನನ್ನ ಮೇಲೆ ಕೇಸು ಹಾಕುತ್ತಿದ್ದ. ಹಾಕಲಿ. ಜೀವನವಿಡೀ ಕ್ರಮದ ಪರ ವಾದಿಸಿದ್ದೇನೆ, ಇವತ್ತೊಂದು ದಿನ ಎದುರು ಪಕ್ಷ.

4.10 — ಬಂದಿಲ್ಲ.

4.30 — ಗೇಟು ಸದ್ದಾಯಿತು. ಮೇಲಿನ ಮನೆಯವರು.

4.50 — 'ನೋಡೋಣ' ಎಂದರೆ ಬರುತ್ತೇನೆ ಎಂದಲ್ಲ. ಅಷ್ಟು ಭಾಷೆ ಬಲ್ಲೆ. ಒಬ್ಬನೇ ಹಾಕಿಕೊಂಡೆ, ಒಂದನೆಯದು. ಕೆಮ್ಮು, ದೋಣಿ, ದಡದಲ್ಲಿ ನಿಂತ ಹೆಂಡತಿ. ಪಿಸುಗುಟ್ಟಲಿಲ್ಲ. ಜೋರಾಗಿಯೇ ಓದಿದೆ, ಯಾರು ಶ್ ಎನ್ನುತ್ತಾರೆ.

5.40 — ಒಂದನೆಯದು ಮುಗಿಯಿತು. ಟೀವಿಯ ಪರದೆಯ ಮೇಲೆ ಉಳಿದ ಎರಡು ಫೈಲು. ಇನ್ನು ಮೂರನೆಯದನ್ನು ಒತ್ತಬೇಕು. ಅವನು ಮೊದಲು ಸಾಯಬೇಕು, ಆಮೇಲೆ ತಾನೇ ಬಾಗಿಲು — ಯಾರೋ ತಟ್ಟುತ್ತಿದ್ದಾರೆ. ಗೇಟಲ್ಲ, ನಮ್ಮದೇ ಬಾಗಿ