ಕಂಬಗಳಿಗೆ ಬಾಯಾರಿದೆ

ನಗರಸಭೆಯ ಮಾನ್ಯ ಅಂತರ್ಜಲ ಅಧಿಕಾರಿಗಳೇ,

ಇತಿಹಾಸಕಾರರು ಲೇಖನಿ ಕೈಗೆತ್ತಿಕೊಳ್ಳಲಿ, ಇಗರ್ಜಿಯವರು ಗಂಟೆ ಬಾರಿಸಲಿ. ಕಳೆದ ಭಾನುವಾರ ಮಧ್ಯಾಹ್ನ, ಅಮ್ಮ ಮೇಜಿನ ಮೇಲೆ ಆರಿಸುತ್ತಿದ್ದ ಕಡಲೆಯಿಂದ ಕೆಳಗೆ ಬಿದ್ದ ಒಂದು ಕಾಳು, ಯಾರೂ ತಳ್ಳದೆ, ಯಾವ ಸರ್ಕಾರಿ ನೆರವನ್ನೂ ಪಡೆಯದೆ, ಕೇವಲ ಸ್ವಂತ ಪರಿಶ್ರಮದಿಂದ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಉರುಳಿ ಗುರಿ ಮುಟ್ಟಿತು.

ಬೆಟ್ಟ ನೋಡಬೇಕಾದರೆ ಗಡಿ ದಾಟಬೇಕಾದ, ಸಮುದ್ರಕ್ಕಿಂತ ತಗ್ಗಿನ ಈ ಚಪ್ಪಟೆ ನಾಡಿನಲ್ಲಿ ನಮಗೆ ಮನೆಯೊಳಗೇ ಇಳಿಜಾರು ದಕ್ಕಿದೆ. ಈ ಭಾಗ್ಯಕ್ಕೆ ತಾವೇ ಕಾರಣಕರ್ತರು. ನಮ್ಮ ಬೀದಿಯ ಒಡಕು ಚರಂಡಿ ಕೊಳವೆ ಸುತ್ತಲಿನ ಅಂತರ್ಜಲವನ್ನೆಲ್ಲ ಹೀರಿ ಸಾಗಿಸುತ್ತಿದೆ. ನೆಲದಡಿ ನಿಂತು ನಮ್ಮ ಮನೆಯನ್ನು ಹೊತ್ತಿರುವ ಮರದ ಕಂಬಗಳು ನೀರಿಲ್ಲದೆ ಕೊಳೆಯುತ್ತಿವೆ. ತಾವು ಪರಿಶೀಲಿಸುತ್ತಿದ್ದೀರಿ. ದೂರು ಇಷ್ಟೇ, ಉಳಿದದ್ದು ಸಂಕಟ.

ನಮ್ಮಮ್ಮ ಯಮಿನಾ, ಮೊರಾಕ್ಕೊದ ರಿಫ್ ಬೆಟ್ಟಗಳ ಒಣಸೀಮೆಯಿಂದ ಅಪ್ಪನ ಹಿಂದೆ ಈ ನಗರಕ್ಕೆ ಬಂದವರು. ಅವರು ನಮ್ಮನ್ನು ಹೆತ್ತ ಬಾಡಿಗೆ ಮನೆಯನ್ನು ಬಡಾವಣೆಯ ಉದ್ಧಾರಕ್ಕೆಂದು ಕೆಡವಿದಿರಿ. ಕೊಟ್ಟ ಬದಲಿ ಮನೆಯನ್ನು, ಉದ್ಧಾರ ಸಾಲದಾಯಿತೆಂದು ಮತ್ತೆ ಕೆಡವಿದಿರಿ. ಎರಡು ಸಲವೂ ಎಷ್ಟು ಸೌಜನ್ಯದಿಂದ ಎಬ್ಬಿಸಿದಿರೆಂದರೆ, ಅಮ್ಮ ನಿಮ್ಮವರಿಗೆ ಪುದೀನ ಚಹಾ ಕೊಟ್ಟು ಕಳಿಸಿದ್ದರು. ಹಾಗಾಗಿ ನಾನೂ ನನ್ನ ಹೆಂಡತಿ ಲುಬ್ನಾಳೂ ಹಳೆಯದಾದರೂ ಸರಿ, ಇದೇ ಬಡಾವಣೆಯಲ್ಲಿ ಸ್ವಂತದ್ದೊಂದು ಫ್ಲಾಟ್ ಕೊಳ್ಳಲು ಹೊರಟಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ನಮ್ ಹೆಸರಲ್ಲಿ ಮನೆ ಇದ್ರೆ ಯಾರೂ ಏಳಿ ಅನ್ನಲ್ಲ ತಾನೇ?"

"ಯಾರೂ ಅನ್ನಲ್ಲಮ್ಮ."

"ಹಾಗಾದ್ರೆ ಸರಿ. ಇನ್ನೊಂದ್ಸಲ ನಾನು ಮನೆ ಬಿಡೋದು ನಾಲ್ಕು ಜನ ಹೊತ್ಕೊಂಡು ಹೋದಾಗ್ಲೇ."

ಇಲ್ಲಿ ಮನೆ ನೋಡುವುದೆಂದರೆ ವಧುಪರೀಕ್ಷೆಗಿಂತ ಅವಸರದ ಕೆಲಸ. ಒಳಗೆ ನೀವು ಕಿಟಕಿ ತೆರೆದು ನೋಡುತ್ತಿದ್ದರೆ ಹೊರಗೆ ಮೆಟ್ಟಿಲ ಮೇಲೆ ಮುಂದಿನ ಸಂಸಾರ ಕೆಮ್ಮುತ್ತಿರುತ್ತದೆ. ದಲ್ಲಾಳಿ ಮೊದಲು ತೋರಿಸಿದ್ದು ಕೋಣೆಯನ್ನಲ್ಲ, ಕೆಳಗಿನ ಹಜಾರದ ನೆಲದಲ್ಲಿದ್ದ ಹಲಗೆಯನ್ನು. ಅದನ್ನೆತ್ತಿ, ನೆಲದಡಿಯ ಗುಂಡಿಗೆ ಕೈ ತೋರಿಸಿ, "ಮುಟ್ಟಿ ನೋಡಿ ಮೇಡಂ, ಒಂದು ತೊಟ್ಟು ನೀರಿಲ್ಲ!" ಎಂದ. ಹಿಂದಿನ ಎರಡೂ ಮನೆಗಳ ಬೂಷ್ಟುಗೋಡೆಗಳು ಅಮ್ಮನ ಮಂಡಿಗಳನ್ನು ತಿಂದುಹಾಕಿದ್ದವು. ಅವರು ಕಷ್ಟಪಟ್ಟು ಬಗ್ಗಿ ಒಂದು ಹಿಡಿ ಮರಳೆತ್ತಿ, ಬೆರಳ ಸಂದಿನಿಂದ ಸುರಿಸಿದರು. ಕಣ್ಣು ತೇವವಾಯಿತು. ಆ ಗುಂಡಿಯಲ್ಲಿ ತೇವವಾದದ್ದು ಅದೊಂದೇ.

"ತಗೊಳ್ರೋ. ನಮ್ಮೂರ ಮಣ್ಣಿದ್ದ ಹಾಗಿದೆ."

"ಅತ್ತೆ, ಅಡುಗೆಮನೆ ನೋಡ್ಲೇ ಇಲ್ವಲ್ಲ ಇನ್ನೂ!" ಎಂದಳು ಲುಬ್ನಾ.

"ಅಡುಗೆಮನೆ ಎಲ್ಲಿಲ್ಲ ಹೇಳು? ಒಣಗಿದ ನೆಲ ಎಲ್ಲಿದೆ ಈ ದೇಶದಲ್ಲಿ?"

ಎಲ್ಲರಿಗಿಂತ ಹೆಚ್ಚಿನ ಬೆಲೆ ಕೂಗಿ ಗೆದ್ದೆವು. ಉಳಿದವರು ಅಷ್ಟು ಸಲೀಸಾಗಿ ಯಾಕೆ ಸೋತರೆಂದು ಯೋಚಿಸಲು ಗೆದ್ದವರಿಗೆ ವ್ಯವಧಾನವೆಲ್ಲಿ? ಮಾನ್ಯರೇ, ತಾವು ತಿಳಿದವರು; ಆಗಲೇ ನಗುತ್ತಿರುತ್ತೀರಿ. ನೀರಲ್ಲಿ ಮುಳುಗಿರುವ ತನಕ ಮರದ ಕಂಬ ತಲೆಮಾರುಗಟ್ಟಲೆ ಕಲ್ಲಿನಂತಿರುತ್ತದೆ, ತಲೆ ಹೊರಗೆ ಹಾಕಿ ಗಾಳಿ ಸೇವಿಸಲು ಶುರುಮಾಡಿತೋ, ಕೊಳೆಯುತ್ತದೆ. ಇದನ್ನು ಈ ನಾಡಿನ ಶಾಲೆಯಲ್ಲಿ ನಾನೂ ಓದಿದ್ದೆ. ಆದರೆ ಒಣಸೀಮೆಯವರ ಮಗ ನೋಡಿ, ಒಣನೆಲ ಕಂಡೊಡನೆ ಓದಿದ್ದೆಲ್ಲ ಆವಿಯಾಯಿತು.

ಮರುವರ್ಷ ಬಾಗಿಲುಗಳು ಮುಷ್ಕರ ಹೂಡಿದವು. ಗೋಡೆಯಲ್ಲಿ ಬಿರುಕೊಂದು ಮೂಡಿತು. ನಾನು ನೆಲದ ಓರೆ ಅಳೆಯುವ ರಸಮಟ್ಟವೊಂದನ್ನು ತಂದು, ಹಲ್ಲುಜ್ಜುವ ಮೊದಲು ನೆಲದ ಮೇಲಿಟ್ಟು ನೋಡುವ ಚಟ ಅಂಟಿಸಿಕೊಂಡೆ. ಕೊನೆಗೆ, ಹುಟ್ಟಿದಂದಿನಿಂದ ನಿದ್ದೆ ಮಾಡುತ್ತಿದ್ದ ನಮ್ಮ ಕಟ್ಟಡದ ಮಾಲೀಕರ ಸಂಘವನ್ನು ತಟ್ಟಿ ಎಬ್ಬಿಸಿದೆವು. ಸಂಘವೆಂದರೆ ಮೂರು ಮನೆ: ನೆಲಮಟ್ಟದಲ್ಲಿ, ಮದುವೆಯಾದಂದಿನಿಂದ ಇಲ್ಲೇ ಇರುವ ಯಾಕೊಮೈನಜ್ಜಿ, ನಡುವೆ ನಾವು, ಮೇಲೆ, ಸುರಿನಾಮಿನಿಂದ ಬಂದು ಟ್ರಾಮ್ ಓಡಿಸಿ ನಿವೃತ್ತರಾದ ರಾಧಾಕಿಸುನ್. ಬುನಾದಿ ಪರೀಕ್ಷಿಸುವವನೊಬ್ಬನನ್ನು ಕರೆಸಿ ಅಜ್ಜಿಯ ಹಿತ್ತಲಲ್ಲಿ ಗುಂಡಿ ತೋಡಿಸಿದೆವು. ಕಂಬದ ತಲೆಗೆ ಆತ ಕಬ್ಬಿಣದ ಸೂಜಿ ಒತ್ತಿದ. ಬಾಳೆಹಣ್ಣಿಗೆ ಚುಚ್ಚಿದಂತೆ ಇಳಿಯಿತು. ಕೆಳಭಾಗ ಇನ್ನೂ ಗಟ್ಟಿಯಿದೆ, ಬೇಗ ನೀರು ಮರಳಿದರೆ ಮನೆ ನಿಲ್ಲುತ್ತದೆ, ಇಲ್ಲವಾದರೆ ಎಲ್ಲರೂ ಖಾಲಿ ಮಾಡಬೇಕಾಗುತ್ತದೆ ಎಂದ. ಗುಂಡಿಯ ಸುತ್ತ ನಾವು ಮಣ್ಣಿಗೆ ಬಂದವರಂತೆ ನಿಂತಿದ್ದೆವು.

"ನಾನು ಬಂದ ಹೊಸದ್ರಲ್ಲಿ ಮನೆ ಕೆಳಗೆ ಕಪ್ಪೆ ಕೂಗ್ತಿದ್ವು," ಎಂದರು ಅಜ್ಜಿ. "ಆಮೇಲೆ ನೀರು ತಾನಾಗೇ ಇಳೀತು. ಪೀಡೆ ತೊಲಗ್ತು ಅಂತ ಕೇಕ್ ಮಾಡಿ ಹಂಚಿದ್ದೆ."

"ಕಪ್ಪೆ ಹೋದಾಗ್ಲೇ ಒಂದು ಮಾತು ಹೇಳ್ಬಾರ್ದಿತ್ತಾ, ಅಜ್ಜಿ?" ರಾಧಾಕಿಸುನ್ ಹಣೆ ಚಚ್ಚಿಕೊಂಡರು.

"ಹೇಳ್ದೆ ಏನು? ನೀನೇ ಅಲ್ವಾ ಎರಡು ತುಂಡು ತಿಂದು, ಅಭಿನಂದನೆ ಅಂದಿದ್ದು!"

ಅಮ್ಮನಿಗೆ ನಾನು ಎಲ್ಲವನ್ನೂ ವಿವರಿಸಿದೆ. ಅವರು ಸುದೀರ್ಘವಾಗಿ ಯೋಚಿಸಿ, ಸೊಪ್ಪು ತೊಳೆದ ನೀರನ್ನು ಹಜಾರಕ್ಕೆ ಕೊಂಡೊಯ್ದು, ಹಲಗೆ ಎತ್ತಿಸಿ ಗುಂಡಿಗೆ ಸುರಿದರು. "ಬಾಯಾರಿದ್ದಕ್ಕೆ ನೀರು ಕೊಡೋಕೆ ಯಾರ ಅಪ್ಪಣೆ ಬೇಕೋ?" ಎಂದರು. ಅಂದಿನಿಂದ ನಮ್ಮಲ್ಲಿ ಬುನಾದಿಗೆ ನೀರುಣಿಸುವ ಕೈಂಕರ್ಯ ನಡೆದಿದೆ. ರಾಧಾಕಿಸುನ್ ಅಕ್ಕಿ ತೊಳೆದ ನೀರು ತರುತ್ತಾರೆ. ಅಜ್ಜಿ ಕಾಲು ನೆನೆಸಿದ ಟಬ್ಬನ್ನು ಭಕ್ತಿಯಿಂದ ಬಗ್ಗಿಸುತ್ತಾರೆ. ಸುರಿದದ್ದೆಲ್ಲ ಗುಳುಗುಳು ಎಂದು ಮಾಯವಾಗಿ ನೇರ ನಿಮ್ಮ ಚರಂಡಿ ಸೇರುತ್ತದೆ. ಅಂದರೆ ನಾವೀಗ ಅದಕ್ಕೆ ಮನೆಯಿಂದಲೇ ಪಾನಕ ಒದಗಿಸುತ್ತಿದ್ದೇವೆ. ನೀರು ಹೊರಹಾಕುವುದನ್ನೇ ತಲೆತಲಾಂತರದಿಂದ ಕಲಿತ ನಾಡಿನಲ್ಲಿ ನೀರಿಗಾಗಿ ಭಿಕ್ಷೆ ಬೇಡುವ ಮೊದಲ ಸಂಸಾರ ನಮ್ಮದೇ ಇರಬೇಕು.

ನಕ್ಕುಬಿಡಬಹುದಿತ್ತು. ಆದರೆ ಮೊನ್ನೆ ಅಮ್ಮ ಗೋಡೆಯ ಗಡಿಯಾರ ಇಳಿಸಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. "ಯಾಕಮ್ಮ?" ಎಂದೆ. "ಸುಮ್ನೆ. ಕೊನೇ ಗಳಿಗೇಲಿ ಅವಸರ ಆಗ್ಬಾರ್ದಲ್ಲ," ಎಂದರು, ನನ್ನ ಮುಖ ನೋಡದೆ. ಯಾರೂ ಏಳಿ ಅನ್ನಲ್ಲಮ್ಮ ಎಂದು ಮಾತು ಕೊಟ್ಟವನು ನಾನು. ಮನೆಯಲ್ಲಿ ಈಗ ಟಿಕ್ ಟಿಕ್ ಸದ್ದೂ ಇಲ್ಲ; ಬಿರುಕು ಬಿಡುವುದಷ್ಟೇ ಕೇಳಿಸುತ್ತದೆ.

ನಿಮ್ಮಲ್ಲಿಗೆ ಬಂದರೆ, ನೀರಿನ ಮಟ್ಟ ಜಲಮಂಡಳಿಯ ಬಾಬತ್ತು ಅನ್ನುತ್ತೀರಿ. ಜಲಮಂಡಳಿಗೆ ಹೋದರೆ, ಬೀದಿಯ ಚರಂಡಿ ನಗರಸಭೆಯದು ಅನ್ನುತ್ತಾರೆ. ಕಂಬ ಮಾತ್ರ ಮಾಲೀಕರದು ಎಂಬಲ್ಲಿ ಇಬ್ಬರಿಗೂ ಅಪೂರ್ವ ಒಮ್ಮತ. ಸ್ವಾಮಿ, ಮೀನು ನಿಮ್ಮದು, ಕೆರೆ ನಮ್ಮದು ಎಂದು ಹೇಳಿ ಕೆರೆ ಬತ್ತಿಸುವವರನ್ನು ಏನೆಂದು ಕರೆಯಬೇಕು? ಚರಂಡಿ ಬದಲಿಸುವ ನಿಮ್ಮ ಯೋಜನೆಯಲ್ಲಿ ನಮ್ಮ ಬೀದಿಯ ಸರದಿ ಮುಂದಿನ ದಶಕಕ್ಕಿದೆಯಂತೆ. ಕೊಳೆತಕ್ಕೆ ನಿಮ್ಮ ಯೋಜನೆ ಓದಿ ಕಾಯುವ ಸಂಸ್ಕಾರ ಇಲ್ಲವಲ್ಲ, ಏನು ಮಾಡೋಣ?

ಆದ್ದರಿಂದ ನಮ್ಮ ಬೇಡಿಕೆ: ಈ ಬೇಸಿಗೆಯೊಳಗೆ ಆ ಒಡಕು ಕೊಳವೆಯನ್ನು ಬದಲಿಸಿ. ಅದಾಗುವವರೆಗೆ, ಬೀದಿಯ ಕೊನೆಯಲ್ಲಿ ದಂಡಿಯಾಗಿ ನಿಂತಿರುವ ಕಾಲುವೆಯ ನೀರನ್ನು ತೂತುಕೊಳವೆಯೊಂದರಲ್ಲಿ ನಮ್ಮ ಬುಡಕ್ಕೆ ಹಾಯಿಸಿ. ನೆಲದಡಿ ಕಪ್ಪೆಗಳು ಬಂದರೆ ನಾವು ಸಹಿಸುತ್ತೇವೆ; ಅಮ್ಮನ ಮಂಡಿಗಳೂ ಒಪ್ಪಿವೆ.

ಅಳತೆ ಸಿಗದೆ ಕ್ರಮ ಕೈಗೊಳ್ಳಲಾಗದು ಎಂಬುದು ತಮ್ಮ ಇತ್ತೀಚಿನ ನುಡಿಮುತ್ತು. ನೀರಿನ ಮಟ್ಟ ಅಳೆಯುವ ಕೊಳವೆ ನಮ್ಮ ಬಾಗಿಲೆದುರೇ ರಸ್ತೆಯಂಚಿನಲ್ಲಿದೆ. ನಿಮ್ಮವರು ಬಂದಾಗಲೆಲ್ಲ ಅದರ ಮುಚ್ಚಳದ ಮೇಲೆ ಬೂದು ಬಣ್ಣದ ವ್ಯಾನೊಂದು ನಿಂತಿರುತ್ತದೆ. ಅವರು ಅದಕ್ಕೊಂದು ಪ್ರದಕ್ಷಿಣೆ ಹಾಕಿ ಹೋಗುತ್ತಾರೆ. ಮಂಗಳವಾರ ಬೆಳಿಗ್ಗೆ ಮತ್ತೆ ಬರಲಿದ್ದಾರೆ. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುತ್ತಿರುವವರಲ್ಲಿ ಆ ವ್ಯಾನಿನ ಮಾಲೀಕರಿದ್ದರೆ, ಅಣ್ಣಾ ಅಥವಾ ಅಕ್ಕಾ, ಅದನ್ನೊಂದು ಮಾರು ಹಿಂದಕ್ಕೆ ತೆಗೆಯಿರಿ. ಬ್ಯಾಟರಿ ಕೈಕೊಟ್ಟಿದ್ದರೆ ನಮ್ಮ ಗಂಟೆ ಒತ್ತಿ. ಇಡೀ ಸಂಘ ಇಳಿದು ಬಂದು ತಳ್ಳಿಕೊಡುತ್ತದೆ.

ಇಂತಿ,
ಸದ್ಯಕ್ಕಿನ್ನೂ ಮೊದಲ ಮಹಡಿಯಲ್ಲೇ ಇರುವ
ಇದ್ರಿಸ್ ಅಮ್ಘಾರ್