ಬಾಲಗ್ರಹಕ್ಕೊಂದು ಸಾಲು

ಭದ್ರಾವತಿ
4-8-2025, ಸೋಮವಾರ

ಪ್ರೀತಿಯ ತಂಗಿ ಲೀಲಾಳಿಗೆ ಅಕ್ಕನ ಆಶೀರ್ವಾದ.

ಇವತ್ತು ಶ್ರಾವಣ ಸೋಮವಾರ, ಉಪವಾಸ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ನಲ್ಲಿ ನೀರು ಹಿಡಿದು, ಪೂಜೆ ಮುಗಿಸಿದರೂ ಇನ್ನೂ ಎಂಟು ಗಂಟೆ. ನಿನ್ನ ಭಾವ ತೀರಿಕೊಂಡ ಮೇಲೆ ಉಪವಾಸ ಬಲು ಸುಲಭವಾಗಿದೆ. ಬಡಿಸುವುದಕ್ಕೆ ಯಾರೂ ಇಲ್ಲವಲ್ಲ.

ಮಕ್ಕಳ ಮೂರ್ಛೆರೋಗದ ಬಗ್ಗೆ ತಾಯಂದಿರನ್ನು ಕೇಳಲು ನೀನು ಕನ್ನಡದಲ್ಲಿ ಬರೆದ ಪ್ರಶ್ನೆಗಳ ಹಾಳೆ ತಲುಪಿತು. "ನಿನ್ನ ಹಾಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಅರ್ಥವಾಗುತ್ತದೆಯೇ ನೋಡಕ್ಕ, ಶಿವಮೊಗ್ಗದ ಶಿಬಿರಕ್ಕೆ ಮುಂಚೆ ಅಚ್ಚಿಗೆ ಕೊಡಬೇಕು" ಎಂದು ನೀನು ಬರೆದಿದ್ದೆ. ಅರ್ಥವೇನೋ ಎಲ್ಲಾ ಆಯಿತು. ಆದರೆ ನಾಲ್ಕನೇ ಪ್ರಶ್ನೆ ಸರಿಯಿಲ್ಲ. ಮಗುವಿಗೆ ಮೊದಲ ಸಲ ಮೂರ್ಛೆ ಬಂದಾಗ ವಯಸ್ಸೆಷ್ಟು ಎಂದು ಕೇಳಿದ್ದೀಯಲ್ಲ, ಅದು.

ಅದನ್ನು ಪಕ್ಕದ ಮನೆಯ ವಸಂತಮ್ಮನಿಗೆ ಓದಿ ಹೇಳಿದೆ. ಅವಳ ಮೊಮ್ಮಗಳಿಗೆ ಮೂರ್ಛೆ ಬರುತ್ತದೆ. ನಾಲ್ಕು ವರ್ಷಕ್ಕೆ ಶುರುವಾಯಿತು ಎಂದಳು. ಅದಕ್ಕೂ ಮುಂಚೆ ಏನೂ ಇರಲಿಲ್ಲವೇ ಎಂದೆ. "ಹಾಲು ಕುಡಿಯೋ ಕೂಸಿದ್ದಾಗ ಎರಡು ಸಲ ಬಾಲಗ್ರಹ ಆಗಿತ್ತು ಮಾರಾಯ್ತಿ. ಅದನ್ಯಾಕೆ ಬರೆಸ್ಲಿ? ಅದು ಮೂರ್ಛೆನಾ? ಅಷ್ಟೆಲ್ಲಾ ಓದಿರೋ ನಿನ್ ತಂಗಿಗೆ ಇಷ್ಟೂ ಗೊತ್ತಿಲ್ವಾ?" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ಲೀಲಾ, ಮಿದುಳಿನ ಮೂಲೆಮೂಲೆಯ ಹೆಸರು ನಿನಗೆ ಗೊತ್ತು. ನಮ್ಮ ಹೆಂಗಸರ ಲೆಕ್ಕವೇ ಬೇರೆ. ಹಸುಗೂಸು ಕಣ್ಣು ಮೇಲೆ ಮಾಡಿ ಸೆಟೆದುಕೊಂಡರೆ ಅದು ಬಾಲಗ್ರಹ, ತಾಯಿತ ಕಟ್ಟಿಸಿದರೆ ಹೋಯಿತು. ನಡೆದಾಡುವ ಮಗು ಬಿದ್ದರೆ ಮಾತ್ರ ಮೂರ್ಛೆ. ಹೋದ ವರ್ಷ ನೀನು ಫೋನಿನಲ್ಲಿ, "ನಮ್ಮ ಕಡೆ ತಾಯಂದಿರು ಹೇಳೋದಕ್ಕೂ ಮಕ್ಕಳ ಮಿದುಳಿನ ಚಿತ್ರಕ್ಕೂ ತಾಳೆನೇ ಆಗಲ್ಲ ಕಣಕ್ಕಾ, ಎಲ್ಲಿ ತಪ್ತಿದೀನೋ" ಎಂದು ಅಳುವ ಹಾಗೆ ಹೇಳಿದ್ದೆ. ತಪ್ಪಿದ್ದು ಇಲ್ಲೇ. ಬಾಲಗ್ರಹಕ್ಕೊಂದು ಬೇರೆ ಸಾಲು ಹಾಕು, ಎಲ್ಲರೂ ಹೇಳುತ್ತಾರೆ. ಮೂರ್ಛೆ ಎನ್ನಲು ನಾಚಿಕೆ. ಗ್ರಹ ಯಾರ ಮನೆಗಾದರೂ ಬರುತ್ತದೆ.

ಇನ್ನು ನನ್ನ ಅತುಲನ ಮಾತು. ನೀನು ನಮ್ಮ ಮನೆಯಲ್ಲಿದ್ದು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓದಲು ಹೋಗುತ್ತಿದ್ದ ಕಾಲ. ನನ್ನ ಮಗ ಮೂರ್ಛೆ ಬಂದು ಬಿದ್ದಾಗಲೆಲ್ಲ ನೀನು ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವನು ಹನ್ನೊಂದು ವರ್ಷಕ್ಕೆ ಹೋದ. ನೀನು ಆ ಪುಸ್ತಕ ಹಿಡಿದು ಹೊರಟವಳು ಇವತ್ತಿಗೂ ಅದೇ ಕೆಲಸದಲ್ಲಿದ್ದೀಯ. ಅದರ ಮೊದಲ ಪುಟದಲ್ಲಿ, ಆರು ವರ್ಷದವರೆಗೆ ಏನೂ ಇರಲಿಲ್ಲ ಎಂದು ಬರೆಸಿದವಳು ನಾನು. ಅದು ಸರಿಯಲ್ಲ. ಏಳನೇ ತಿಂಗಳಲ್ಲಿ ಮೂರು ಸಲ ಬಾಲಗ್ರಹ ಆಗಿತ್ತು. ಒಂದು ಸಲ ತುಟಿ ನೀಲಿಯಾಗಿ, ಸೆರಗಿನಲ್ಲಿ ಸುತ್ತಿಕೊಂಡು ಬೀದಿಗೆ ಓಡಿದ್ದೆ. ನಮ್ಮತ್ತೆ ತಾಯಿತ ಕಟ್ಟಿಸಿದರು, ನಿಂತಿತು. ಆಸ್ಪತ್ರೆಗೆ ತೋರಿಸಲಿಲ್ಲ. ನೀನು ಕೇಳಿದ್ದು ಮೂರ್ಛೆ, ಅದಕ್ಕೇ ಇಲ್ಲ ಎಂದೆ. ಪದ ತಿಳಿಯದೆ ಆದ ತಪ್ಪು.

ಬೆಳೆಯುವ ಮಿದುಳಿಗೆ ಮೊದಲ ವರ್ಷದ ಏಟೇ ಬೇರೆ ಎಂದು ನೀನೇ ಹೇಳುತ್ತೀಯ. ಆಗಲೇ ತೋರಿಸಿದ್ದರೆ ಮಗು ಉಳಿಯುತ್ತಿತ್ತೇ? ಶಿವನನ್ನು ಕೇಳಿ ಕೇಳಿ ಸಾಕಾಗಿದೆ, ಅವನು ಬಾಯಿ ಬಿಡುವುದಿಲ್ಲ. ನೀನು ಓದಿದವಳು, ನೀನು ಹೇಳು. ಬರೀ ಸಮಾಧಾನಕ್ಕೆ ಬರೆಯಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ
ಶಂಕರಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪದ ತಿಳಿಯಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಆವತ್ತು ಆ ಮೊದಲ ಪುಟ ಬರೆಯುವಾಗ ನೀನು ಮುಷ್ಟಿ ಬಿಗಿದು, ಕೈ ಸೆಟೆಸಿ ತೋರಿಸಿ, ಕೂಸಿದ್ದಾಗ ಹೀಗೇನಾದರೂ ಆಗಿತ್ತೇ ಎಂದು ಕೇಳಿದ್ದೆ. ನನಗೆ ತಿಳಿಯಿತು. ಅತ್ತೆ ಮನೆಯಲ್ಲಿರಲಿಲ್ಲ, ಯಾರ ಭಯವೂ ಇರಲಿಲ್ಲ. ನಿನ್ನ ಕಣ್ಣಿಗೆ ತಾಯಿತ ಕಟ್ಟಿ ಸುಮ್ಮನಾದ ದಡ್ಡ ತಾಯಿಯಾಗಿ ಕಾಣಬಾರದೆಂದು ಇಲ್ಲ ಎಂದೆ, ಅಷ್ಟೇ. ಶಿಬಿರಕ್ಕೆ ನೀನು ಸೋಗಾನೆಯಲ್ಲಿ ವಿಮಾನ ಇಳಿಯುವ ದಿನ ನಮ್ಮ ಬೀದಿಯ ಹುಸೇನ್ ಟ್ಯಾಕ್ಸಿ ತಂದು ಹೊರಗೆ ನಿಂತಿರುತ್ತಾನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಭದ್ರಾವತಿಗೆ ಬರಬೇಡ. ಉತ್ತರ ಬರೆದು ಅವನ ಕೈಗೆ ಕೊಡು. ತಂದುಕೊಡಪ್ಪಾ ಎಂದು ಹೇಳಿಟ್ಟಿದ್ದೇನೆ.